ಅನಾನಸಿಗೆ ಮಡಿಲಕ್ಕಿ

ಟೀಚರ್ ಕನ್ನಡಕ ತೆಗೆದರೆಂದರೆ ಮುಂದೆ ಬರುವ ಮಾತು ಸುಳ್ಳು. ಇದು ನಾನಾಗಿ ಕಂಡುಕೊಂಡ ಸಂಗತಿ. ಹರಟೆ ಹೊಡೆಯುವಾಗ, ಅಡುಗೆ ಮಾಡುವಾಗ, ಬೈಯುವಾಗ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಕಥೆ ಕಟ್ಟುವ ಹೊತ್ತು ಬಂದಾಗ ಮಾತ್ರ ಅದನ್ನು ತೆಗೆದು, ಸ್ವೆಟರಿನ ಅಂಚಿನಿಂದ ಗಾಜು ಒರೆಸುತ್ತ, ಎದುರಿನವರ ಮುಖ ಮಸುಕಾಗಿ ಕಾಣುತ್ತಿರುವಾಗಲೇ ಹೇಳಿ ಮುಗಿಸಿಬಿಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರು ಶಾರ್ಲಟ್‌ನಲ್ಲಿ, ತಮ್ಮ ಅಣ್ಣನ ಮಗಳ ಮನೆಯಲ್ಲಿ ತೀರಿಕೊಂಡರು. ಆಕೆ ಫೋನಿನಲ್ಲಿ ಅಳುತ್ತ, "ಕೊನೆಯ ವಾರ ಇಡೀ ಆಂಟಿ ಕನ್ನಡಕ ಹಾಕಲೇ ಇಲ್ಲ ಮಾರಾಯ" ಎಂದರು. ಆಸ್ಪತ್ರೆಯ ನರ್ಸುಗಳು ಆ ವಾರ ಏನೇನು ಕೇಳಿಸಿಕೊಂಡರೋ ಎಂದು ನನಗೆ ಅಂಥ ಹೊತ್ತಿನಲ್ಲೂ ನಗು ಬಂತು.

ನಾನು ಮೈಸೂರಿನಿಂದ ವರ್ಜೀನಿಯಾಕ್ಕೆ ಬಂದದ್ದು 1996ರಲ್ಲಿ. ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿ ಬರೆದಿದ್ದ ಇಸವಿಗಳನ್ನು ನಾಲ್ಕಂಕಿಗೆ ತಿದ್ದುವುದು ನನ್ನ ಕೆಲಸ. ಹಗಲೆಲ್ಲ ದಿನಾಂಕ ತಿದ್ದಿ, ಸಂಜೆ ಬಂದು ಡೈರಿಯಲ್ಲಿ ದಿನಾಂಕ ಬರೆಯುವ ಚಾಳಿ ನನ್ನದು. ಯಾರ ಮನೆಯಲ್ಲಿ ಊಟ, ಏನು ಪಲ್ಯ, ಯಾರ ಕಾರಿನಲ್ಲಿ ಹೋದೆ, ಎಲ್ಲ ಅದರಲ್ಲಿದೆ. ಟೀಚರ್ ಮನೆಗೆ ನನ್ನನ್ನು ಮೊದಲು ಕರೆದುಕೊಂಡು ಹೋದವನು ಆಫೀಸಿನ ಸೀನಿಯರ್ ಶ್ರೀಧರ. "ಬಾ, ಮಂಗಳೂರು ಕಡೆಯ ಆಂಟಿ ಒಬ್ರಿದ್ದಾರೆ. ಮನೆ ನೋಡಿದ್ರೆ ಫ್ಲೈಟ್ ತಪ್ಪಿ ಬೇರೆ ಎಲ್ಲೋ ಇಳಿದಂಗಾಗತ್ತೆ" ಎಂದಿದ್ದ.

ಹಾಗೇ ಆಯಿತು. ಹೊರಗಿನಿಂದ ಅದು ಸ್ಟರ್ಲಿಂಗ್ ಎಂಬ ಊರಿನ ನೂರಾರು ಟೌನ್‌ಹೌಸುಗಳಲ್ಲಿ ಒಂದು. ತಲೆಯ ಮೇಲೆ ಡಲ್ಲಸ್ ನಿಲ್ದಾಣಕ್ಕೆ ಇಳಿಯುವ ವಿಮಾನ, ಬಾಗಿಲಲ್ಲಿ ಕೂಪನ್ ಕಾಗದ. ಒಳಗೆ ಕಾಲಿಟ್ಟರೆ ಕೆರಿಬಿಯನ್ ದ್ವೀಪವೊಂದರ ಹಳೆಯ ಕಬ್ಬಿನ ತೋಟದ ದೊಡ್ಡ ಮನೆ, ಅದೂ ಪೂರ್ತಿ ಹಿಡಿಸದೆ ಸಾಮಾನೆಲ್ಲ ಗೋಡೆಯಿಂದ ಗೋಡೆಗೆ ಒತ್ತಿಕೊಂಡು ನಿಂತದ್ದು. ಕಪ್ಪುಗೆಂಪು ಮಹೋಗನಿಯ ಮೇಜು. ಬೆತ್ತ ಹೆಣೆದ ಉದ್ದನೆಯ ಸೋಫಾ. ಬಿರುಗಾಳಿಗೆ ಮೇಣದಬತ್ತಿ ಆರದಂತೆ ಮುಚ್ಚುವ ಎತ್ತರದ ಗಾಜಿನ ಕೊಳವೆಗಳು. ಅವುಗಳಲ್ಲಿ ಟೀಚರ್ ಹಪ್ಪಳ ತುಂಬಿಟ್ಟಿದ್ದರು. ಮೂಲೆಯಲ್ಲಿ ನೀರು ಸೋಸುವ ಕಲ್ಲಿನ ಬಾನಿ. ಮೇಲೆ ಸುರಿದ ನೀರು ಕಲ್ಲಿನ ಮೈಯಿಂದಲೇ ಜಿನುಗಿ ಕೆಳಗಿನ ಮಡಕೆಗೆ ತೊಟ್ಟಿಕ್ಕುತ್ತಿತ್ತು. ಬಂದ ಕನ್ನಡದ ಹೆಂಗಸರೆಲ್ಲ ಮೊದಲು ಅದರ ಹತ್ತಿರ ಹೋಗಿ ಬಗ್ಗಿ ನೋಡಿ, "ರುಬ್ಬೋ ಗುಂಡು ಎಲ್ಲಿ ಟೀಚರ್?" ಎಂದು ಕೇಳುತ್ತಿದ್ದರು.

"ಗುಂಡು ಇಮಿಗ್ರೇಶನ್‌ನಲ್ಲಿ ಸಿಕ್ಕಿಬಿದ್ದಿದೆ. ವೀಸಾ ಇಲ್ಲ ಅದಕ್ಕೆ" ಎನ್ನುತ್ತಿದ್ದರು ಟೀಚರ್, ಕನ್ನಡಕ ಒರೆಸುತ್ತ.

ಅವರ ಕಥೆ ಚಿಕ್ಕದು. ಮಂಗಳೂರಿನಲ್ಲಿ ಗಣಿತ ಓದಿದ ಹುಡುಗಿಯನ್ನು ಆ ದ್ವೀಪದ ಕಾನ್ವೆಂಟಿನವರು ಟೀಚರಾಗಿ ಕರೆಸಿಕೊಂಡರು. ಇರಲು ಕೋಣೆ ಸಿಕ್ಕಿದ್ದು ಆ ದೊಡ್ಡ ಮನೆಯ ಮಹಡಿಯಲ್ಲಿ. ಮನೆಯೊಡತಿ ಒಂಟಿ ಮುದುಕಿ. ಟೀಚರ್ ಬಾಯಲ್ಲಿ ಆಕೆಗೆ 'ಮಿಸೆಸ್' ಎಂದಷ್ಟೇ ಹೆಸರು. ವರ್ಷಗಳು ಕಳೆದ ಮೇಲೆ ಒಂದು ಬಿರುಗಾಳಿ ಮನೆಯ ಸೂರನ್ನೇ ಎತ್ತಿಕೊಂಡು ಹೋಯಿತು. ಮುದುಕಿಯನ್ನು ನೆಂಟರು ಕರೆದೊಯ್ದರು. ವರ್ಜೀನಿಯಾದ ಶಾಲೆಗೆ ಹೊರಟಿದ್ದ ಟೀಚರಿಗೆ ಆಕೆ ಸಾಮಾನೆಲ್ಲ ಒಪ್ಪಿಸಿ ಒಂದು ಮಾತು ತೆಗೆದುಕೊಂಡಳು: ಮಾರಕೂಡದು, ಮನೆಗೆ ಮತ್ತೆ ಸೂರು ಬಂದರೆ ಎಲ್ಲ ಅಲ್ಲಿಗೇ ವಾಪಸ್ ಬರಬೇಕು. ಇದನ್ನು ಹೇಳುವಾಗ ಟೀಚರ್ ಕನ್ನಡಕ ಮುಟ್ಟುತ್ತಿರಲಿಲ್ಲ.

ಮಿಕ್ಕದ್ದಕ್ಕೆಲ್ಲ ತೆಗೆಯುತ್ತಿದ್ದರು. ಊಟದ ಮೇಜಿನ ಮೇಲೆ ತಟ್ಟೆಯಷ್ಟು ಅಗಲದ ಒಂದು ದುಂಡನೆಯ ಕಪ್ಪು ಕಲೆ ಇತ್ತು. ಯಾರು ಕೇಳಿದರೂ ಒಂದು ಕಥೆ ಸಿಗುತ್ತಿತ್ತು, ಕೇಳಿದವರ ಅಳತೆಗೆ ಹೊಲಿದದ್ದು. ಭಕ್ತರು ಕೇಳಿದರೆ ಬಿಷಪ್ಪರು ಉಪವಾಸ ಮುರಿದ ಬಿಸಿ ಸೂಪಿನ ಬೋಗುಣಿ. ಹೊಸದಾಗಿ ಮದುವೆಯಾದವರು ಕೇಳಿದರೆ ಗಂಡ ಹೆಂಡಿರ ಜಗಳದಲ್ಲಿ ಹಾರಿದ ಇಸ್ತ್ರಿಪೆಟ್ಟಿಗೆ. ಬ್ಯಾಂಕಿನ ಪ್ರಾಜೆಕ್ಟಿನಲ್ಲಿದ್ದವನಿಗೆ ಕಡಲ್ಗಳ್ಳನೊಬ್ಬ ಚಿನ್ನ ಕರಗಿಸಿದ ಮೂಸೆ. ನಾನು ಡೈರಿಯಲ್ಲಿ ಒಂದು ಪುಟವನ್ನೇ ಇದಕ್ಕೆಂದು ಮೀಸಲಿಟ್ಟು ಗೆರೆ ಎಳೆಯುತ್ತ ಬಂದೆ. ಒಂಬತ್ತು ಕಥೆಗಳಾದವು. ಒಂದು ಸಂಜೆ ಅದನ್ನು ಅವರಿಗೇ ತೋರಿಸಿದೆ. ಅವರು ಗಂಭೀರವಾಗಿ ಓದಿ, ಕೆಂಪು ಪೆನ್ನು ಕೇಳಿ ಪಡೆದು, ಏಳನೆಯದರ ಪಕ್ಕ ರೈಟ್ ಹಾಕಿ, "ಇದು ಚೆಂದ ಉಂಟು. ಮರೆತೇ ಹೋಗಿತ್ತು ನೋಡು" ಎಂದರು.

ಅವರ ಬೇಟೆಗೆ ಒಂದು ಬಲೆಯೂ ಇತ್ತು. ತೋಟದ ಯಜಮಾನರು ಬೂಟು ಕಳಚಿಸಿಕೊಳ್ಳಲು ಕಾಲು ಚಾಚುತ್ತಿದ್ದ ಉದ್ದ ಕೈಗಳ ಆರಾಮ ಕುರ್ಚಿ. ಅಜ್ಜನ ಮನೆಯಲ್ಲಿ ಇಂಥದ್ದೇ ಇತ್ತು ಎನ್ನುತ್ತ ಹುಡುಗರು ಅದರಲ್ಲಿ ಒರಗುತ್ತಿದ್ದರು. ಬೆತ್ತ ಜೋಲಿತ್ತು, ಒಮ್ಮೆ ಒರಗಿದರೆ ಇನ್ನೊಬ್ಬರು ಕೈ ಕೊಡದೆ ಏಳುವಂತಿರಲಿಲ್ಲ. ಟೀಚರ್ ಚಕ್ಕುಲಿ ತಟ್ಟೆಯನ್ನು ಎಟುಕದಷ್ಟು ದೂರದಲ್ಲಿಟ್ಟು ಎದುರು ಕೂರುತ್ತಿದ್ದರು.

"ಈಗ ಹೇಳು. ಮನೆಗೆ ಫೋನ್ ಮಾಡಿ ಎಷ್ಟು ದಿವಸ ಆಯ್ತು?"

"ಮಾಡ್ತೀನಿ ಟೀಚರ್, ಈ ವೀಕೆಂಡ್."

"ಹೋದ ವೀಕೆಂಡೂ ಇದೇ ಕುರ್ಚಿಯಲ್ಲಿ ಕೂತು ಇದನ್ನೇ ಹೇಳಿದ್ದಲ್ವಾ ನೀನು? ಫೋನ್ ಅಲ್ಲಿ ಉಂಟು. ಮಾಡುವುದಾದರೆ ಕೈ ಕೊಡ್ತೇನೆ, ಇಲ್ಲದಿದ್ದರೆ ಇಲ್ಲೇ ಇರು. ರಾತ್ರಿಗೆ ಕಂಬಳಿ ಕೊಡುವಾ."

ಮಹಡಿಯ ಮೇಲಿದ್ದದ್ದು ಮಂಚ. ಅದು ಆ ಮನೆಯ ಕಿರೀಟ. ನಾಲ್ಕು ಮೂಲೆಗೆ ನಾಲ್ಕು ಕಡೆದ ಕಂಬ, ಮೈತುಂಬ ಎಲೆಬಳ್ಳಿ, ಪ್ರತಿ ಕಂಬದ ತುದಿಗೂ ತಿರುಗಿಸಿ ಕೂರಿಸುವ ಮರದ ಅನಾನಸ್. ಆ ದ್ವೀಪಗಳಲ್ಲಿ ಅನಾನಸ್ ಎಂದರೆ ಅತಿಥಿಗೆ ಸ್ವಾಗತ ಎಂದರ್ಥವಂತೆ. ಆದರೆ ಸ್ಟರ್ಲಿಂಗ್‌ನ ಸೀಲಿಂಗಿಗೆ ಅಷ್ಟು ಎತ್ತರವಿರಲಿಲ್ಲ. ಅನಾನಸುಗಳು ರಟ್ಟಿನ ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ಮಲಗಿದ್ದವು.

ಈ ಕಂಬಗಳು ನಮ್ಮವರ ಕಣ್ಣಿಗೆ ಬಿದ್ದದ್ದು ಶ್ರೀಧರನ ಮನೆಯ ಸತ್ಯನಾರಾಯಣ ಪೂಜೆಯ ಕಾಲಕ್ಕೆ. ಆಗ ಅಲ್ಲೆಲ್ಲ ಮಂಟಪ ಬಾಡಿಗೆಗೆ ಸಿಗುತ್ತಿರಲಿಲ್ಲ. ಪೈಪು, ಸ್ಕೀ ಕೋಲು ಎಲ್ಲ ಪ್ರಯತ್ನಿಸಿ ಸೋತಿದ್ದ ಶ್ರೀಧರ ಹಿಂಜರಿಯುತ್ತ ಕೇಳಿದ.

"ಟೀಚರ್, ತಪ್ಪು ತಿಳ್ಕೋಬೇಡಿ. ನಿಮ್ ಮಂಚದ ಕಂಬ ಒಂದಿನ ಕೊಡ್ತೀರಾ? ಪೂಜೆಗೆ."

"ಕ್ರಿಶ್ಚಿಯನ್ ಮಂಚ ಆಗ್ತದಾ ನಿಮ್ಮ ದೇವರಿಗೆ?"

"ದೇವರಿಗೇನೂ ಪ್ರಾಬ್ಲಮ್ ಇಲ್ಲ. ನಮ್ಮಮ್ಮನಿಗೆ ಹೇಳೋದು ಬೇಡ."

"ತೆಗೆದುಕೊಂಡು ಹೋಗು. ಅಷ್ಟು ದೊಡ್ಡ ಮಂಚದಲ್ಲಿ ನಾನೊಬ್ಬಳೇ ಮಲಗುವುದು. ದೇವರು ಕೂತರೆ ಒಳ್ಳೆಯದೇ, ಜಾಗ ಉಂಟು."

ಕಂಬಗಳ ಮೇಲ್ಭಾಗ ಕಳಚಿ ಬರುತ್ತಿತ್ತು. ಮಂಚ ಕೆಳಗೆ ಗಿಡ್ಡ ಕಾಲಿನ ಮೇಲೆ ನಿಂತೇ ಇರುತ್ತಿತ್ತು. ಮರಳು ತುಂಬಿದ ಬಕೆಟ್ಟುಗಳಲ್ಲಿ ಕಂಬ ನಿಲ್ಲಿಸಿ, ಮಾವಿನೆಲೆಗೆ ಬದಲು ಯಾವುದೋ ಗಿಡದ ಎಲೆ ಕಟ್ಟಿದರೆ ಮಂಟಪವೇ ಸೈ. ಅಲ್ಲಿಂದ ಮುಂದೆ ಅವು ಸುಮ್ಮನೆ ನಿಂತದ್ದು ಕಡಿಮೆ. ಆಶ್‌ಬರ್ನ್‌ನಲ್ಲಿ ಗೃಹಪ್ರವೇಶ, ಫೇರ್‌ಫ್ಯಾಕ್ಸ್‌ನಲ್ಲಿ ನಾಮಕರಣ, ಯಾರದೋ ನಿಶ್ಚಿತಾರ್ಥ. ಟೀಚರ್ ಎಲ್ಲದಕ್ಕೂ ಬರುತ್ತಿದ್ದರು, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಪಕ್ಕದವರಿಗೆ, "ಅದರಲ್ಲಿ ನಾನು ನಿನ್ನೆ ಬಟ್ಟೆ ಒಣಗಿಸಿದ್ದೆ" ಎಂದು ಪಿಸುಗುಟ್ಟುತ್ತಿದ್ದರು. ಹಾಗೆ ಹೇಳುವಾಗ ಕನ್ನಡಕ ಹಾಕಿಕೊಂಡೇ ಇರುತ್ತಿದ್ದರು.

1998ರ ಬೇಸಿಗೆಯ ಒಂದು ಬೆಳಿಗ್ಗೆ ಅವರು ನನ್ನ ಆಫೀಸಿಗೇ ಫೋನ್ ಮಾಡಿದರು.

"ಮನೆಗೆ ಸೂರು ಬಂತು" ಎಂದರು. ಯಾವ ಮನೆಗೆ ಎಂದು ನಾನು ಕೇಳಬೇಕಾಗಲಿಲ್ಲ.

ದ್ವೀಪದವರು ಒಂದು ಸಮಿತಿ ಮಾಡಿಕೊಂಡು ಆ ಮನೆಯನ್ನು ರಿಪೇರಿ ಮಾಡಿಸಿ, ಜನ ಬಂದು ನೋಡುವ ಮನೆಯಾಗಿ ತೆರೆಯುವವರಿದ್ದರು. ಹಳೆಯ ಸಾಮಾನು ಹುಡುಕುತ್ತಿದ್ದರು. ಪರೀಕ್ಷಿಸಲು ಒಬ್ಬರು ಶನಿವಾರ ಬರುವುದೆಂದು ಗೊತ್ತಾಗಿತ್ತು. ಅವರ ಷರತ್ತು ಒಂದೇ: ಮಂಚ ಪೂರ್ತಿ ಇರಬೇಕು. ಅರೆಬರೆಯಾದರೆ ಬೇಡ, ಬೇರೊಂದು ತೋಟದ ಮನೆಯ ಮಂಚ ಅವರಿಗೆ ಸಿಗುವುದಿತ್ತು. ಆ ಹೊತ್ತಿಗೆ ಟೀಚರ್ ಎದೆನೋವೆಂದು ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಿ ಶಾರ್ಲಟ್‌ಗೆ, ಅಣ್ಣನ ಮಗಳ ಮನೆಯ ಒಂದು ಕೋಣೆಗೆ ಹೋಗುವುದು ತೀರ್ಮಾನವಾಗಿತ್ತು. ಸಮಿತಿ ಬೇಡವೆಂದರೆ ಮಿಸೆಸ್‌ಗೆ ಕೊಟ್ಟ ಮಾತು ಮನೆ ಮುಂದಿನ ಹುಲ್ಲಿನಂಗಳದಲ್ಲಿ, ಹಳೆ ಸಾಮಾನು ಮಾರುವ ಯಾರ್ಡ್ ಸೇಲಿನಲ್ಲಿ ಮುಗಿಯುತ್ತಿತ್ತು.

ಗುರುವಾರ ಸಂಜೆ ನಾವಿಬ್ಬರೂ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆವು. ಒಳಗೆ ಮೂರೇ ಅನಾನಸ್.

ಅವರು ಮಂಚದ ಅಂಚಿನಲ್ಲಿ ಕೂತರು. ಮೂರನ್ನೂ ಸಾಲಾಗಿ ಹಾಸಿಗೆಯ ಮೇಲಿಟ್ಟು ಮತ್ತೆ ಎಣಿಸಿದರು.

"ನಿನ್ನ ಡೈರಿಯಲ್ಲಿ ಉಂಟಾ?" ಎಂದರು ಕೊನೆಗೆ.

ಡೈರಿಯಲ್ಲಿ ಕಂಬಗಳು ಯಾವ ಮನೆಗೆ ಹೋದವು, ಯಾರ ವ್ಯಾನಿನಲ್ಲಿ, ಅಲ್ಲಿ ಪಾಯಸ ಯಾವುದು ಎಲ್ಲ ಇತ್ತು. ಅನಾನಸಿನ ಸುದ್ದಿ ಮಾತ್ರ ಇರಲಿಲ್ಲ. ಕಂಬ ಹೋಗಿದ್ದ ಮನೆಗಳಿಗೆಲ್ಲ ಫೋನ್ ಹಚ್ಚಿದೆವು. ಮೂರನೆಯ ಕರೆ ಜರ್ಮನ್‌ಟೌನ್‌ನಲ್ಲಿದ್ದ ಶ್ರೀಧರನ ಹೆಂಡತಿ ವಸುಧಾಗೆ.

"ಮರದ್ದು, ಅನಾನಸ್ ಥರ?" ಎಂದಳು ವಸುಧಾ. "ಅಯ್ಯೋ ಟೀಚರ್, ಅದು ನಮ್ ದೇವರ ಮನೇಲಿದೆ. ನೀವು ಗಿಫ್ಟ್ ಕೊಟ್ಟಿದ್ದು ಅಂದ್ಕೊಂಡಿದ್ವಿ. ಅತ್ತೆ ದಿನಾ ಪೂಜೆ ಮಾಡ್ತಾರೆ."

ಆದದ್ದು ಇಷ್ಟು. ಮೊದಲ ಪೂಜೆ ನಡೆದದ್ದು ಶ್ರೀಧರನ ಬೇಸ್‌ಮೆಂಟಿನಲ್ಲಿ. ಕಂಬಗಳ ಜೊತೆ ಅನಾನಸಿನ ಪೆಟ್ಟಿಗೆಯೂ ಅಲ್ಲಿಗೆ ಹೋಗಿತ್ತು. ಬಕೆಟ್ಟಿನ ಎತ್ತರ ಸೇರಿ ಕಂಬ ಸೀಲಿಂಗಿಗೆ ತಾಗಿದ್ದರಿಂದ ಅಲ್ಲೂ ಅನಾನಸುಗಳನ್ನು ಬಿಚ್ಚಿದ್ದರು. ಒಂದು ಉರುಳಿ ಉರುಳಿ ಹೋಗುತ್ತಿತ್ತೆಂದು ಯಾರೋ ಹುಡುಗರು ಅದನ್ನು ಅಕ್ಕಿ ಹರಡಿದ್ದ ತಟ್ಟೆಯಲ್ಲಿ ನಿಲ್ಲಿಸಿದರು. ಆಗಷ್ಟೇ ನಂಜನಗೂಡಿನಿಂದ ಬಂದಿಳಿದಿದ್ದ ಶ್ರೀಧರನ ತಾಯಿ, ಕಳಶದ ಪಕ್ಕ ಅಕ್ಕಿಯ ಮೇಲೆ ಕೂತಿದ್ದನ್ನು ಕಂಡು ಅರಿಶಿನ ಕುಂಕುಮ ಹಚ್ಚಿದರು. ಹಚ್ಚಿದ ಮೇಲೆ ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕುವುದು ಹೇಗೆ?

ಮರುದಿನ ಜರ್ಮನ್‌ಟೌನ್‌ಗೆ ಹೋದೆವು. ದಾರಿಯಲ್ಲಿ ಟೀಚರ್, "ನೀನು ಬಾಯಿ ಬಿಡಬೇಡ. ಇದು ಮುದುಕಿಯರ ಕೆಲಸ" ಎಂದರು.

ದೇವರ ಮನೆ ಎಂದರೆ ಕೋಟು ತೂಗುಹಾಕುವ ಕ್ಲಾಸೆಟ್. ಕೃಷ್ಣನಿಗೂ ಲಕ್ಷ್ಮಿಗೂ ನಡುವೆ ಅನಾನಸ್ ಕೂತಿತ್ತು. ಕೆತ್ತನೆಯ ಸಂದುಗಳಲ್ಲೆಲ್ಲ ಅರಿಶಿನ ಗಟ್ಟಿಯಾಗಿ ನಿಂತಿತ್ತು, ನೆತ್ತಿ ಕೆಂಪಗಿತ್ತು. ಮೇಲೊಂದು ಪ್ಲಾಸ್ಟಿಕ್ ಮಲ್ಲಿಗೆಯ ದಂಡೆ.

"ಅಮ್ಮ, ಅದು ಅನಾನಸ್. ಮಂಚದ್ದು" ಎಂದ ಶ್ರೀಧರ, ಮೆತ್ತಗೆ.

"ಅನಾನಸ್ ಅಂತ ನಂಗೊತ್ತಿಲ್ವೇನೋ? ಕಣ್ಣಿಲ್ವಾ ನಂಗೆ?" ಎಂದರು ಆಕೆ. "ಅಕ್ಕಿ ಮೇಲೆ ಕೂತ್ಮೇಲೆ ಅದು ಅನಾನಸ್ ಅಲ್ಲ. ಪೂಜೆ ಮಾಡಿದ್ದನ್ನ ಹಂಗೆ ಎತ್ತಿ ಕೊಟ್ಟುಬಿಡೋಕಾಗತ್ತಾ? ನಿನ್ ಗ್ರೀನ್ ಕಾರ್ಡು ಎಲ್ಲಿಂದ ಬಂತು ಅಂದ್ಕೊಂಡಿದೀಯ?"

"ಲಾಯರಿಂದ ಬಂತಮ್ಮ."

"ಲಾಯರು ಮುಂಚೆನೂ ಇದ್ದ."

ಟೀಚರ್ ಕ್ಲಾಸೆಟ್ಟಿನ ಮುಂದೆ, ಕಾರ್ಪೆಟ್ಟಿನ ಮೇಲೆ, ಆ ತಾಯಿಯ ಪಕ್ಕದಲ್ಲಿ ಕೂತುಕೊಂಡರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ಕನ್ನಡಕದ ಹತ್ತಿರ ಹೋಗಲಿಲ್ಲ.

"ನೀವು ಹೇಳಿದ್ದು ಸರಿ ಅಮ್ಮ. ಹಾಗೆ ಎತ್ತಿಕೊಂಡು ಹೋಗಲಿಕ್ಕೆ ಆಗುವುದಿಲ್ಲ" ಎಂದರು. "ಆದರೆ ಇದಕ್ಕೆ ಒಂದು ಮನೆ ಉಂಟು, ದೂರದಲ್ಲಿ, ಸಮುದ್ರದ ಬದಿಯಲ್ಲಿ. ಅಲ್ಲಿಯ ಯಜಮಾನಿಗೆ ನಾನು ಮಾತು ಕೊಟ್ಟಿದ್ದೇನೆ. ಇದರ ಅಕ್ಕತಂಗಿಯರು ಮೂವರು ನನ್ನ ಮನೆಯಲ್ಲಿ ಹೊರಟು ಕೂತಿದ್ದಾರೆ. ಇವಳೊಬ್ಬಳು ಬಾರದಿದ್ದರೆ ಅವರನ್ನೂ ಒಳಗೆ ಸೇರಿಸುವುದಿಲ್ಲವಂತೆ."

ಆ ತಾಯಿ ಅನಾನಸಿನ ಮೇಲಿನ ದಂಡೆ ಸರಿಮಾಡಿದರು.

"ಇಷ್ಟು ದಿನ ಒಬ್ಬಳೇ ಇಲ್ಲಿ ಉಳಿದುಬಿಟ್ಟಳಾ" ಎಂದರು. ಆಮೇಲೆ ಒಳಗೆ ತಿರುಗಿ, "ವಸುಧಾ, ಅಕ್ಕಿ ತಗೊಂಬಾ. ಒಂದು ಬ್ಲೌಸ್ ಪೀಸು, ತೆಂಗಿನಕಾಯಿ, ಎರಡು ಬಾಳೆಹಣ್ಣು. ಹೆಣ್ಣುಮಗೂನ ಬರಿ ಮಡಿಲಲ್ಲಿ ಕಳಿಸ್ತಾರಾ?"

ಹಸಿರು ಬ್ಲೌಸ್ ಪೀಸಿನಲ್ಲಿ ಅಕ್ಕಿ, ಕಾಯಿ, ಹಣ್ಣುಗಳ ಜೊತೆ ಅನಾನಸನ್ನು ಕಟ್ಟಿ, ಇನ್ನೊಮ್ಮೆ ಕುಂಕುಮ ಇಟ್ಟು, ಟೀಚರ ಮಡಿಲಿಗೇ ಹಾಕಿದರು. "ಒಂದು ಮಾತು. ತನ್ನ ಮನೆ ಸೇರೋವರೆಗೂ ತೊಳೀಬಾರದು. ಹಚ್ಚಿದ್ದು ಹಚ್ಚಿದ ಹಾಗೇ ಹೋಗಬೇಕು."

"ತೊಳೆಯುವುದಿಲ್ಲ" ಎಂದರು ಟೀಚರ್.

ಕಾರು ಪೊಟೋಮ್ಯಾಕ್ ನದಿಯ ಸೇತುವೆ ದಾಟುವವರೆಗೆ ನಾನು ತಡೆದುಕೊಂಡಿದ್ದೆ. "ಟೀಚರ್, ನಾಳೆ ಬರೋರು ಇದನ್ನ ನೋಡಿದ್ರೆ ರಿಜೆಕ್ಟ್ ಮಾಡಲ್ವಾ? ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗತ್ತೆ. ಅವರಿಗೆಲ್ಲಿ ಗೊತ್ತಾಗತ್ತೆ?"

"ನನಗೆ ಗೊತ್ತಾಗ್ತದಲ್ಲ" ಎಂದರು. ಮಡಿಲಲ್ಲಿದ್ದ ಬಾಳೆಹಣ್ಣು ಒಂದನ್ನು ಬಿಡಿಸಿ ನನಗೆ ಅರ್ಧ ಕೊಟ್ಟರು. "ಇಬ್ಬರು ಮುದುಕಿಯರಿಗೆ ಮಾತು ಕೊಟ್ಟಾಯ್ತು. ಈಗ ಎಂತ ಮಾಡುವುದು, ಎರಡನ್ನೂ ಉಳಿಸಬೇಕು."

ಶನಿವಾರ ಬಂದ ಹೆಂಗಸು ಎತ್ತರದವಳು, ದ್ವೀಪದವಳೇ, ಬಿಳಿ ಕೈಗವಸು, ಕೈಯಲ್ಲಿ ಪುಟ್ಟ ಟಾರ್ಚು. ಮೇಜಿನ ಕೆಳಗೆ ಮಲಗಿ ನೋಡಿದಳು, ಕುರ್ಚಿಯ ಬೆತ್ತವನ್ನು ಎಣಿಸುವಂತೆ ನೋಡಿದಳು. ಕೇಳಿದ್ದಕ್ಕೆಲ್ಲ ಟೀಚರ್ ನಿಜವನ್ನೇ ಹೇಳಿದರು. ಅದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂಬುದು ಕಾಲು ಕುಣಿಸುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮಹಡಿಗೆ ಹೋದೆವು. ಮೂರು ಅನಾನಸ್ ಮುಗಿಯಿತು. ನಾಲ್ಕನೆಯದನ್ನು ಆಕೆ ಕೈಗೆತ್ತಿಕೊಂಡಳು. ಬಿಳಿ ಕೈಗವಸಿನ ಬೆರಳುಗಳು ಹಳದಿಯಾದವು.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೂಗಿನ ಹತ್ತಿರ ಹಿಡಿದು, "ಅರಿಶಿನವೇ?"

ಟೀಚರ್ ನಿಧಾನವಾಗಿ ಕನ್ನಡಕ ತೆಗೆದರು.

"ಅರಿಶಿನವೇ. ಅದು ಮನೆಯ ಪದ್ಧತಿ" ಎಂದರು ಗಾಜು ಒರೆಸುತ್ತ. "ಮನೆಯದು ಏನಾದರೂ ದೂರ ಪ್ರಯಾಣ ಹೊರಟರೆ ಯಜಮಾನಿ ಹೀಗೆ ಹಚ್ಚಿ ಕಳಿಸುವುದು. ಕ್ಷೇಮವಾಗಿ ಮನೆ ಸೇರಲಿ ಎಂದು. ನಾಲ್ಕರಲ್ಲಿ ಒಂದಕ್ಕೆ ಹಚ್ಚಿದರೆ ಸಾಕು."

ಯಾವ ಮನೆ, ಯಾವ ಯಜಮಾನಿ ಎಂದು ಆಕೆ ಕೇಳಲಿಲ್ಲ. ಅನಾನಸನ್ನು ತಿರುಗಿಸಿ ತಿರುಗಿಸಿ ನೋಡಿದಳು, ಏನೋ ಬರೆದುಕೊಂಡಳು. ಮುಖ ಗಂಭೀರವಾಗಿತ್ತು. ಆಮೇಲೆ ಟೀಚರ ಕಡೆ ತಿರುಗಿ ಕಟ್ಟುನಿಟ್ಟಾಗಿ, "ದಯವಿಟ್ಟು ಇದನ್ನು ಯಾರೂ ತೊಳೆಯಕೂಡದು" ಎಂದಳು.

"ಖಂಡಿತ ಇಲ್ಲ" ಎಂದರು ಟೀಚರ್. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕು ಕೆಡಿಸುತ್ತಿದ್ದೆವು.

ಲಾರಿ ಬಂದು ಎಲ್ಲವನ್ನೂ ಹೊತ್ತುಕೊಂಡು ಹೋದ ದಿನ ಖಾಲಿ ಮನೆಯ ಕಾರ್ಪೆಟ್ಟಿನ ಮೇಲೆ ಕೂತು, ಕಾಗದದ ತಟ್ಟೆಯಲ್ಲಿ ನೀರುದೋಸೆ ತಿಂದೆವು. ಹಪ್ಪಳ ಈಗ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು.

"ನಿನ್ನ ಲೆಕ್ಕಕ್ಕೆ ಒಂದು ಬಿಟ್ಟುಹೋಗಿದೆ" ಎಂದರು ಟೀಚರ್. "ಮೇಜಿನ ಕಲೆ ನಾನೇ ಮಾಡಿದ್ದು. ಆ ಮನೆಗೆ ಹೋದ ಮೊದಲನೇ ತಿಂಗಳು. ಊರಿನ ನೆನಪಾಗಿ ನೀರುದೋಸೆ ಎರೆದೆ, ಬಿಸಿ ಕಾವಲಿಯನ್ನು ಹಾಗೇ ತಂದು ಮೇಜಿನ ಮೇಲೆ ಇಟ್ಟೆ. ನನ್ನನ್ನು ಓಡಿಸ್ತಾರೆ ಎಂದು ರಾತ್ರಿಯೆಲ್ಲ ಅತ್ತೆ. ಮರುದಿನ ಊಟಕ್ಕೆ ನೆಂಟರು ಬಂದರು, ಇದೆಂತ ಕಲೆ ಎಂದು ಕೇಳಿದರು. ಮಿಸೆಸ್ ಕನ್ನಡಕ ತೆಗೆದರು. ತೆಗೆದು ಒರೆಸುತ್ತ ಒರೆಸುತ್ತ, ಇದು ನಮ್ಮ ಮುತ್ತಜ್ಜನ ಕಾಲದ್ದು, ಗವರ್ನರು ಬಂದಾಗ ಆದದ್ದು ಎಂದುಬಿಟ್ಟರು. ನೆಂಟರೆಲ್ಲ ಎದ್ದು ಬಂದು ಕಲೆಯನ್ನು ಮುಟ್ಟಿ ನೋಡಿದರು ಮಾರಾಯ."

ಅವರ ಕನ್ನಡಕ ಮೂಗಿನ ಮೇಲಿತ್ತು.

ಟೀಚರ್ ಹೋದ ಮೇಲೆ, ಈ ವರ್ಷದ ವಸಂತದಲ್ಲಿ ನಾನೂ ನನ್ನ ಹೆಂಡತಿಯೂ ಆ ದ್ವೀಪಕ್ಕೆ ಹೋದೆವು. ಮದುವೆಯಾದ ಮೇಲೆ ನಮ್ಮ ಮೊದಲ ಪ್ರವಾಸ. ಮನೆ ಗುಡ್ಡದ ಮೇಲಿದೆ, ಸಮುದ್ರದಿಂದ ಗಾಳಿ ನೇರ ಒಳಗೆ ಬರುತ್ತದೆ. ಗಾಜಿನ ಕೊಳವೆಗಳಲ್ಲಿ ಮೇಣದಬತ್ತಿಗಳಿವೆ. ಆರಾಮ ಕುರ್ಚಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಯಾರೂ ಕೂರದಂತೆ ಮಾಡಿದ್ದಾರೆ. ಇನ್ನು ಮುಂದೆ ಅಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಮನೆ ತೋರಿಸುತ್ತಿದ್ದವಳು ಇಪ್ಪತ್ತರ ಹುಡುಗಿ. ಮೇಜಿನ ಹತ್ತಿರ ನಿಂತು ಆ ಕಲೆಯ ಬಗ್ಗೆ ಒಬ್ಬ ನೌಕಾಪಡೆಯ ಕ್ಯಾಪ್ಟನ್ ಮತ್ತು ಟೀ ಕೆಟಲಿನ ಕಥೆ ಹೇಳಿದಳು. ಅದು ನನ್ನ ಪುಟದಲ್ಲಿರಲಿಲ್ಲ. ಹನ್ನೊಂದನೆಯದೆಂದು ಗುರುತು ಹಾಕಿಕೊಂಡೆ.

ಮಹಡಿಯಲ್ಲಿ ಮಂಚ ತನ್ನ ಪೂರ್ತಿ ಎತ್ತರಕ್ಕೆ ನಿಂತಿತ್ತು. ನಾಲ್ಕು ಅನಾನಸುಗಳಿಗೂ ಸೂರಿನವರೆಗೆ ಬೇಕಾದಷ್ಟು ಜಾಗವಿತ್ತು. ಕಿಟಕಿಯ ಕಡೆಯದು ಹಳದಿಯಾಗಿ ಹೊಳೆಯುತ್ತಿತ್ತು.

"ಈ ಮನೆಯ ಹೆಂಗಸರದು ಒಂದು ಹಳೆಯ ಪದ್ಧತಿ" ಎಂದಳು ಹುಡುಗಿ. "ಏನನ್ನಾದರೂ ದೂರ ಕಳಿಸುವಾಗ ಅರಿಶಿನ ಹಚ್ಚುತ್ತಿದ್ದರು, ಕ್ಷೇಮವಾಗಿ ಮನೆ ಸೇರಲೆಂದು. ನೋಡಿ, ಇದು ಸೇರಿದೆ. ಏನಾದರೂ ಪ್ರಶ್ನೆ ಇದೆಯೇ?"

ಜೊತೆಯಲ್ಲಿದ್ದ ಪ್ರವಾಸಿಗರು ತಲೆ ಎತ್ತಿ ನೋಡುತ್ತಿದ್ದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ನನ್ನ ಹೆಂಡತಿಗೆ ಎಲ್ಲ ಗೊತ್ತು. ಆಕೆ ನನ್ನ ತೋಳು ಬಲವಾಗಿ ಹಿಡಿದುಕೊಂಡಳು.

ನಾನು ಕನ್ನಡಕ ತೆಗೆದೆ.

"ಶುಕ್ರವಾರ ಮಾತ್ರ ಹಚ್ಚುತ್ತಿದ್ದರಂತೆ, ಅಲ್ಲವೇ?" ಎಂದೆ, ಗಾಜು ಒರೆಸುತ್ತ.

ಹುಡುಗಿಯ ಮುಖ ನನಗೆ ಮಸುಕಾಗಿ ಕಂಡಿತು. ಆಕೆ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು.